ಎಂಟನೇ ಪಾತಿ

ನಮ್ಮ ಅಡುಗೆಮನೆಯ ಸೂರು ತೊಟ್ಟಿಕ್ಕದೇ ಇದ್ದಿದ್ದರೆ ನನಗೂ ತರಕಾರಿಗೂ ಪೇಟೆಯಲ್ಲಿ ಕೊಂಡು ತಿನ್ನುವಷ್ಟೇ ಸಂಬಂಧ ಇರುತ್ತಿತ್ತು. ತೊಟ್ಟಿಕ್ಕಿದ್ದು ಬರೀ ನೀರಾಗಿದ್ದರೂ ಒಂದು ಬಕೆಟ್ ಇಟ್ಟು ಸುಮ್ಮನಾಗಬಹುದಿತ್ತು. ಅದು ಗೊಬ್ಬರದ ನೀರು. ಒಲೆಯ ಮೇಲಿದ್ದ ಹಾಲಿಗೇ ಬಿತ್ತು. ನನ್ನ ಹೆಂಡತಿ ಹಾಲನ್ನು ನೋಡಿದಳು, ಸೂರನ್ನು ನೋಡಿದಳು, ಆಮೇಲೆ ಇದೆಲ್ಲ ನಾನೇ ಮಾಡಿಸಿದ್ದು ಅನ್ನುವ ಹಾಗೆ ನನ್ನನ್ನು ನೋಡಿದಳು. ನಾನು ಮೆಟ್ಟಿಲು ಹತ್ತಿದೆ.

ಮೇಲಿನ ಮನೆಯಲ್ಲಿರುವುದು ಟೈಮ್‌ಕೀಪರ್ ಸಂಸಾರ. ಬಸ್ ನಿಲ್ದಾಣದಲ್ಲಿ ವಿಶಲ್ ಊದಿ ಬಸ್ಸುಗಳನ್ನು ಹೊರಡಿಸುವುದು ಅವರ ಕೆಲಸ. ಜೀವಮಾನವೆಲ್ಲ ಇನ್ನೊಬ್ಬರನ್ನು ಹೊರಡಿಸಿ ಹೊರಡಿಸಿ ಅವರಿಗೆ ಕೂತಲ್ಲಿ ಕೂರುವ ಅಭ್ಯಾಸವೇ ತಪ್ಪಿದೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಅನ್ನುತ್ತಾರಲ್ಲ, ಅಂಥವರು. ನಿಂತೇ ಊಟ ಮಾಡುತ್ತಾರೆ, ನಡೆಯುತ್ತಲೇ ಕ್ಷೌರ ಮಾಡಿಕೊಳ್ಳುತ್ತಾರೆ, ಮಾತಾಡುವಾಗ ಎದುರಿನವರ ಮಾತು ಮುಗಿಯುವ ಮೊದಲೇ "ಆಯ್ತು ಆಯ್ತು, ರೈಟ್" ಅನ್ನುತ್ತಾರೆ.

ಬಾಗಿಲು ತೆರೆದಾಗ ನನಗೆ ಒಂದು ಕ್ಷಣ ನರ್ಸರಿಗೆ ಬಂದೆನೋ ಅನ್ನಿಸಿತು. ಕುಕ್ಕರಿನಲ್ಲಿ ಬೆಂಡೆ ಸಸಿ. ಸ್ನಾನದ ಮಗ್ಗಿನಲ್ಲಿ ಮೆಣಸಿನ ಸಸಿ. ಗೋಡೆಯ ಪಕ್ಕ ಟೈಮ್‌ಕೀಪರ್ ಹಾಕಿಕೊಳ್ಳುವ ಹೆಲ್ಮೆಟ್ಟು ಮಗುಚಿ ಕೂತಿತ್ತು, ಅದರೊಳಗಿಂದ ಟೊಮೇಟೊ ತಲೆ ಎತ್ತಿತ್ತು. ಇವುಗಳ ನಡುವೆ, ಸೌಟು ಹಿಡಿದು ಮಣ್ಣು ಕೆದಕುತ್ತಾ ಟೈಮ್‌ಕೀಪರ್ ಅತ್ತೆ ಓಡಾಡುತ್ತಿದ್ದರು. ಕಟ್ಟಡದವರೆಲ್ಲ ಅವರನ್ನು ಅತ್ತೆಯಮ್ಮ ಅಂತಲೇ ಕರೆಯುತ್ತೇವೆ. ಮಗಳ ಮನೆಗೆ ಬಂದು ಇರತೊಡಗಿದ ಮೇಲೆ ಅವರ ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ನನ್ನ ಶೂ ಎಲ್ಲಿ?" ಅಂತ ಒಳಗಿಂದ ಟೈಮ್‌ಕೀಪರ್ ಕೂಗಿದರು.

"ಒಂದರಲ್ಲಿ ಪುದೀನ ಹಾಕಿದೀನಿ ಅಳಿಯಂದಿರೇ. ಇನ್ನೊಂದು ಖಾಲಿ ಇದೆ, ಬೇಕಾದ್ರೆ ಹಾಕ್ಕೊಳ್ಳಿ" ಅಂದರು ಅತ್ತೆಯಮ್ಮ.

ನಾನು ಹಾಲಿನ ವಿಷಯ ಹೇಳಿದೆ. ಅತ್ತೆಯಮ್ಮನ ಮುಖ ಸಣ್ಣಗಾಯಿತು. ಸೌಟು ಕೆಳಗಿಟ್ಟರು. "ಎಲ್ಲರಿಗೂ ತೊಂದರೆ ಕೊಡೋದಕ್ಕಿಂತ ದೊಡ್ಡ ಮಗಳ ಮನೆಗೆ ಹೋಗಿಬಿಡ್ತೀನಿ ಕಣಪ್ಪ. ಅವಳ ಮನೇಲಿ ಬಿಸಿಲು ಬರೋ ಕಿಟಕೀನೇ ಇಲ್ಲ. ಗಿಡದ ಆಸೆ ತಾನಾಗೇ ಸಾಯುತ್ತೆ" ಅಂದರು. ಟೈಮ್‌ಕೀಪರ್ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಲಿನ ವಿಷಯ ತೆಗೆದದ್ದಕ್ಕೆ ನನಗೇ ಕಸಿವಿಸಿಯಾಯಿತು.

ಆಗ ಆ ಹೆಣ್ಣುಮಗಳು ಒಂದು ಒಳ್ಳೆಯ ಮಾತು ಹೇಳಿದರು. ಹಳೇ ಬಸ್ ಡಿಪೋ ಒಡೆದ ಜಾಗದಲ್ಲಿ ನಗರಸಭೆಯವರು ತೋಟ ಮಾಡುತ್ತಿದ್ದಾರಂತೆ. ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ಪಾತಿಗಳು. ಮನೆಗೊಂದು ಪಾತಿ. ಬೆಳೆದುಕೊಳ್ಳಿ, ತಿನ್ನಿ. "ಅಮ್ಮನಿಗೆ ಒಂದು ಪಾತಿ ಕೊಡಿಸಿದ್ರೆ ಆಗಲ್ವೇನ್ರೀ?"

"ಆಯ್ತು ಆಯ್ತು, ರೈಟ್" ಅಂದರು ಟೈಮ್‌ಕೀಪರ್, ಒಂದೇ ಶೂ ಹಾಕಿಕೊಂಡು.

ಆಗಿನ್ನೂ ಯಾರಿಗೂ ಪಾತಿ ಬೇಕಿರಲಿಲ್ಲ. ನಗರಸಭೆಯವರು ಕರೆದು ಕರೆದು ಕೊಡುತ್ತಿದ್ದರು, ಜೊತೆಗೆ ಹೋಗಿದ್ದ ತಪ್ಪಿಗೆ ನನಗೂ ಒಂದು ಅಂಟಿಸಿದರು. ತೋಟದ ಮೇಲ್ವಿಚಾರಕರು ಜಗಳ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಸಾಧು ಮನುಷ್ಯ. ನನಗೆ "ಬಾಗಿಲಿಂದ ಮೂರನೇದು" ಅಂದರು. ಟೈಮ್‌ಕೀಪರಿಗೆ "ಬಾಗಿಲಿಂದ ಎಂಟನೇದು" ಅಂದರು. "ಎಂಟನೇದು. ಆಯ್ತು, ರೈಟ್" ಅಂತ ಇವರು ಹೊರಟೇಬಿಟ್ಟರು. ಯಾವ ಬಾಗಿಲಿಂದ ಅಂತ ಇವರು ಕೇಳಲಿಲ್ಲ, ಅವರು ಹೇಳಲಿಲ್ಲ.

ಎಡವಟ್ಟಾದದ್ದು ಇಲ್ಲೇ. ತೋಟಕ್ಕೆ ಎರಡು ಬಾಗಿಲು, ಒಂದು ಮುಂದೆ, ಒಂದು ಹಿಂದೆ. ಮೇಲ್ವಿಚಾರಕರ ಲೆಕ್ಕ ಮುಂಬಾಗಿಲಿಂದ. ಟೈಮ್‌ಕೀಪರಿಗೆ ಬಸ್ ನಿಲ್ದಾಣಕ್ಕೆ ಹಿಂಬಾಗಿಲು ಹತ್ತಿರ. ಪಾತಿಗಳು ಒಟ್ಟು ಹದಿನಾರು. ಮುಂದಿನಿಂದ ಎಂಟು ಎಣಿಸಿದರೆ ಒಂದು ಪಾತಿ, ಹಿಂದಿನಿಂದ ಎಂಟು ಎಣಿಸಿದರೆ ಅದರ ಮಗ್ಗುಲಿನ ಪಾತಿ. ಪ್ರತಿ ಪಾತಿಗೂ ನಂಬರು ಬರೆದ ಗೂಟ ನೆಟ್ಟಿದ್ದರು, ನಿಜ. ಆದರೆ ಗೂಟ ಗಟ್ಟಿಯಾಗಿದ್ದವು, ಹುರುಳಿಕಾಯಿ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದಂತಿದ್ದವು. ಒಂದೇ ತಿಂಗಳಲ್ಲಿ ಎಲ್ಲ ನಂಬರುಗಳೂ ಯಾರ್ಯಾರದೋ ಬಳ್ಳಿಯ ಕೆಳಗೆ ಸೇರಿಹೋದವು. ಇದೆಲ್ಲ ನಮಗೆ ಗೊತ್ತಾಗಿದ್ದು ಬಹಳ ಆಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನಾವು ಪಟ್ಟ ಪಾಡು ಅವರಿಗೆ ಬೇಡ.

ಟೈಮ್‌ಕೀಪರ್ ಮೊದಲ ದಿನ ಹಿಂಬಾಗಿಲಿಂದ ಬಂದು ಎಂಟು ಎಣಿಸಿ ನಿಂತರು, ಗೂಟದ ನಂಬರು ನೋಡುವ ವ್ಯವಧಾನ ಅವರಿಗೆಲ್ಲಿ. ನೋಡಿದರೆ ಪಾತಿ ಅಗೆದು, ಗೊಬ್ಬರ ಬೆರೆಸಿ, ನೀರು ಹಾಯಿಸಿ ಸಿದ್ಧವಾಗಿದೆ. "ನಗರಸಭೆ ಅಂದ್ರೆ ಹೀಗಿರಬೇಕು ಕಣ್ರೀ! ಬಡವನ ಕೆಲಸ ಅವರೇ ಮಾಡಿಟ್ಟಿದಾರೆ" ಅಂತ ನನ್ನ ಬೆನ್ನು ತಟ್ಟಿದರು. ನನ್ನ ಪಾತಿಯಲ್ಲಿ ಇಟ್ಟಿಗೆ ಚೂರು, ಟೈರಿನ ತುಂಡು, ಒಂದು ಬ್ರೇಕ್ ಪೆಡಲು ಇದ್ದವು. ನಗರಸಭೆಗೆ ಮನುಷ್ಯರನ್ನು ಕಂಡರೆ ಈ ಪರಿ ಭೇದ ಏಕೆ ಅಂತ ನಾನು ಯೋಚಿಸುತ್ತಾ ಪೆಡಲು ಕಿತ್ತೆ.

ಆ ಪಾತಿಯನ್ನು ಅಗೆದವರು ಒಬ್ಬ ನರ್ಸಮ್ಮ. ಅವರಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ತೋಟಕ್ಕೆ ಬರುವುದು ಸಂಜೆ. ನಾವು ಬೆಳಗಿನವರು ಸಂಜೆಯವರನ್ನು ಕಂಡವರಲ್ಲ. ಟೈಮ್‌ಕೀಪರ್ ಜೇಬಿನಿಂದ ಕೊತ್ತಂಬರಿ ಬೀಜ ತೆಗೆದು, ಓಡುವ ಬಸ್ಸಿಗೆ ಚಿಲ್ಲರೆ ಎಸೆದ ಹಾಗೆ ಎಸೆದು, ಕೆಲಸಕ್ಕೆ ಓಡಿದರು.

ಕೆಲವು ದಿನಕ್ಕೆ ಅಲ್ಲಿ ಟೊಮೇಟೊ ಎದ್ದಿತು.

"ನಾನು ಬಿತ್ತಿದ್ದು ಕೊತ್ತಂಬರಿ!" ಅಂತ ಟೈಮ್‌ಕೀಪರ್ ಬೆರಗಾದರು.

"ಅಂಗಡಿಯವನು ಬೀಜ ತಪ್ಪಿ ಕೊಟ್ಟಿರಬೇಕು" ಅಂದೆ.

"ಕೊಟ್ಟಿದ್ದು ಕೊತ್ತಂಬರೀನೇ. ನಾನು ಮೂಸಿ ನೋಡಿದೀನಿ." ಅವರು ತಮ್ಮ ಬಲಗೈಯನ್ನು ಎತ್ತಿ ತಿರುವಿ ತಿರುವಿ ನೋಡಿಕೊಂಡರು. "ಇದು ಕೈಗುಣ ಕಣ್ರೀ."

ಆಮೇಲೆ ಟೊಮೇಟೊ ಪಕ್ಕ ಬದನೆ ಬಂತು, ಬದನೆ ಪಕ್ಕ ಮೆಣಸು. ಕಳೆ ಒಂದೂ ಇಲ್ಲ. ಇವರು ನೀರು ಹಾಕಲು ಮರೆತರೂ ಬುಡ ಒದ್ದೆ. ಕೋಲು ನೆಡದಿದ್ದರೂ ಬೆಳಗಾಗುವಷ್ಟರಲ್ಲಿ ಗಿಡ ಕೋಲಿಗೆ ಒರಗಿರುತ್ತಿತ್ತು. ಟೈಮ್‌ಕೀಪರ್ ಮಾಡುತ್ತಿದ್ದ ಕೆಲಸ ಇಷ್ಟೇ. ಬೆಳಿಗ್ಗೆ ಬಂದು ಗಿಡಗಳ ಮುಂದೆ ಅತ್ತಿಂದಿತ್ತ ಓಡಾಡುವುದು, "ಬೇಗ ಬೇಗ, ಹೊರಡಿ ಹೊರಡಿ" ಅಂತ ಅವುಗಳಿಗೆ ಹೇಳುವುದು, ಹಣ್ಣಾದದ್ದನ್ನು ಕಿತ್ತು ಚೀಲಕ್ಕೆ ಹಾಕುವುದು.

ಬೆಳಗಿನವರಲ್ಲಿ ಸುದ್ದಿ ಹಬ್ಬಿತು. ಪೋಸ್ಟ್‌ಮ್ಯಾನ್ ತನ್ನ ಬಾಡಿದ ಬೆಂಡೆಗೆ ಕೈ ಮುಟ್ಟಿಸಿಕೊಂಡು ಹೋದ. ಶಾಲೆಯ ಮೇಡಮ್ ಬಿತ್ತುವ ಮೊದಲು ಬೀಜ ತಂದು ಇವರ ಅಂಗೈ ಮೇಲೆ ಇಟ್ಟು ವಾಪಸು ತೆಗೆದುಕೊಂಡರು. ನಾನೂ ಸೋತು ನನ್ನ ಏಕೈಕ ಮೆಣಸಿನ ಗಿಡಕ್ಕೆ ಕೈ ಇಡಿಸಿದೆ. ಅದು ಮೂರನೇ ದಿನ ಸತ್ತಿತು. "ನಿಮಗೆ ನಂಬಿಕೆ ಕಮ್ಮಿ" ಅಂದರು ಟೈಮ್‌ಕೀಪರ್. ಪೋಸ್ಟ್‌ಮ್ಯಾನ್ ಬೆಂಡೆಯೂ ಸತ್ತಿತು. ಆದರೆ ಸತ್ತ ಗಿಡಗಳು ಯಾರ ಕಣ್ಣಿಗೂ ಬೀಳಲಿಲ್ಲ, ಟೈಮ್‌ಕೀಪರ್ ಚೀಲದ ಬದನೆಕಾಯಿ ಎಲ್ಲರ ಕಣ್ಣಿಗೂ ಬಿದ್ದವು. ನಂಬುವವರಿಗೆ ಎತ್ತು ಈಯಿತು ಅಂದರೂ ಸಾಕು, ಕೊಟ್ಟಿಗೆಗೆ ಕರು ಕಟ್ಟಲು ಹಗ್ಗ ಹುಡುಕುತ್ತಾರೆ.

ಇಷ್ಟೆಲ್ಲ ಆದರೂ ಅತ್ತೆಯಮ್ಮ ಪಾತಿಯನ್ನು ಕಣ್ಣಿಂದಲೂ ಕಂಡಿರಲಿಲ್ಲ. "ಮೊದಲು ನಾನು ಒಂದು ಹದಕ್ಕೆ ತರ್ತೀನಿ, ಆಮೇಲೆ ನೀವು ಬನ್ನಿ ಅತ್ತೆ" ಅಂತ ಟೈಮ್‌ಕೀಪರ್ ಹೇಳಿದ್ದರು. ಹದ ಬಂತು. "ಹೂ ಬಿಡಲಿ" ಅಂದರು. ಹೂ ಬಿಟ್ಟಿತು. "ಕಾಯಿ ಆಗಲಿ" ಅಂದರು. ನಿಜ ಏನೆಂದರೆ, ಅಷ್ಟು ಹೊತ್ತಿಗೆ ತೋಟದಲ್ಲಿ ಇವರದೊಂದು ಹೆಸರಾಗಿತ್ತು. ಅತ್ತೆ ಬಂದು ಸೌಟು ಆಡಿಸಿದರೆ ಅರ್ಧ ಹೆಸರು ಅವರ ಪಾಲಾಗುತ್ತದೆ ಅನ್ನುವ ಭಯ.

ಒಂದು ದಿನ ನಾನು ಮೇಲೆ ಹೋದಾಗ ಅತ್ತೆಯಮ್ಮ ಬದನೆಕಾಯಿ ಕೈಯಲ್ಲಿ ಹಿಡಿದು ಅಳಿಯನ ಹಿಂದೆ ಹಿಂದೆ ಓಡಾಡುತ್ತಾ ವಿಚಾರಿಸುತ್ತಿದ್ದರು. ಅಳಿಯ ನಿಲ್ಲುವವರಲ್ಲ, ಅತ್ತೆ ಬಿಡುವವರಲ್ಲ.

"ಬುಡಕ್ಕೆ ಮಣ್ಣು ಏರಿಸಿದ್ರಾ?"

"ಅದೇ ಏರುತ್ತೆ ಅತ್ತೆ."

"ಹುಳಕ್ಕೆ ಏನು ಮಾಡ್ತೀರಿ?"

"ನಾನು ಗದರಿಸಿದ್ರೆ ಹೋಗ್ತವೆ."

"ಕಳೆ?"

"ಕಳೆಗೆ ನನ್ನ ಕಂಡ್ರೆ ಭಯ."

ಅತ್ತೆಯಮ್ಮ ನಿಂತರು. ಮಗಳ ಮುಖ ನೋಡಿದರು. "ಒಂದು ಸಲ ಕರ್ಕೊಂಡು ಹೋಗಿ. ನಾನು ಏನೂ ಮುಟ್ಟಲ್ಲ. ಸುಮ್ನೆ ಮಣ್ಣಲ್ಲಿ ಒಂದು ಗಳಿಗೆ ಕೂತು ಬರ್ತೀನಿ" ಅಂದರು. ಟೈಮ್‌ಕೀಪರ್ ಗಡಿಯಾರ ನೋಡಿ "ಬಸ್ಸು ಬಸ್ಸು" ಅಂತ ಹೊರಗೆ ಓಡಿದರು. ಆ ಹೊತ್ತಿನಲ್ಲಿ ಯಾವ ಬಸ್ಸೂ ಇರಲಿಲ್ಲ.

ಈಗ ನಿಜವಾದ ಎಂಟನೇ ಪಾತಿಯ ಕಥೆ ಕೇಳಿ. ಅದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಹುಲ್ಲು ಸೊಂಟದುದ್ದ ಬೆಳೆದು, ಮುಳ್ಳುಗಿಡ ಎದ್ದು, ಯಾವುದೋ ಬಳ್ಳಿ ಎಲ್ಲವನ್ನೂ ಕಟ್ಟಿಹಾಕಿ ಒಂದು ಸಣ್ಣ ಕಾಡೇ ಆಗಿತ್ತು. ಅದರ ಮಗ್ಗುಲಿನಲ್ಲಿ ನಿಂತು ಟೈಮ್‌ಕೀಪರ್ ದಿನಾ ಬೆಳಿಗ್ಗೆ ಬೈಯುವರು. "ಯಾವ ಸೋಮಾರಿದೋ ಇದು! ಭೂಮಿ ಸಿಗದೆ ಜನ ಸಾಯ್ತಿದಾರೆ, ಇವನು ನೋಡಿ, ಪಾಳು ಕೆಡವಿ ಮನೇಲಿ ಮಲಗಿದಾನೆ. ಇಂಥೋರಿಗೆ ಹೆಂಡತಿ ಮಕ್ಕಳಾದ್ರೂ ಹೇಳಬಾರದಾ?" ನಾವೆಲ್ಲ ಹೌದು ಹೌದು ಅಂದೆವು. ಬೆಳಿಗ್ಗೆ ಯಾರನ್ನಾದರೂ ಬೈದರೆ ದಿನವಿಡೀ ಹಗುರವಾಗಿರುತ್ತದೆ.

ಕಡೆಗೆ ಮೇಲ್ವಿಚಾರಕರು ಆ ಪಾತಿಯಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟರು. ಅದು ತೋಟದ ಪದ್ಧತಿ. ಕೆಂಪು ಬಟ್ಟೆ ಬಿದ್ದರೆ ಪಾತಿ ಕೈಬಿಡುವ ಕಾಲ ಬಂತು ಅಂತ ಅರ್ಥ. ಟೈಮ್‌ಕೀಪರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ನನ್ನನ್ನು ಎಳೆದುಕೊಂಡು ಮೇಲ್ವಿಚಾರಕರ ಕಚೇರಿಗೆ ನುಗ್ಗಿದರು.

"ಸಾರ್, ಆ ಒಂಬತ್ತನೇ ಪಾತಿ ಮೊದಲು ಕಿತ್ಕೊಳ್ಳಿ."

ಮೇಲ್ವಿಚಾರಕರು ಟೀ ಲೋಟ ಕೆಳಗಿಟ್ಟರು. "ಒಂಬತ್ತನೇದಾ? ದೊಡ್ಡ ಸಾಹೇಬರು ಬಂದಾಗಲೆಲ್ಲ ಅದನ್ನೇ ತೋರಿಸ್ತೀನಿ ಕಣ್ರೀ!"

"ಅದನ್ನ ತೋರಿಸ್ತೀರಾ? ನಾಚಿಕೆ ಆಗಲ್ವಾ?"

"ಅಲ್ಲ, ಪಾಳು ಬಿದ್ದಿರೋದು ಎಂಟನೇದಲ್ವಾ..."

"ಎಂಟನೇದು ನಂದು!" ಟೈಮ್‌ಕೀಪರ್ ಎದೆ ತಟ್ಟಿಕೊಂಡರು.

ಮೇಲ್ವಿಚಾರಕರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. "ನಿಮ್ಮದು ಅಂತ ನೀವೇ ಹೇಳ್ತಿದೀರಾ?"

"ಊರಿಗೆಲ್ಲ ಕೇಳೋ ಹಾಗೆ ಹೇಳ್ತೀನಿ."

"ಅದನ್ನ ನೋಡಿದ್ರೆ ನಿಮಗೆ... ಏನೂ ಅನ್ಸಲ್ವಾ?"

"ಹೆಮ್ಮೆ ಅನ್ಸುತ್ತೆ ಸಾರ್. ಬೆಳಿಗ್ಗೆ ಎದ್ದು ಅದರ ಮುಂದೆ ನಿಂತ್ರೆ ಹೊಟ್ಟೆ ತುಂಬುತ್ತೆ. ಎಲ್ಲ ಈ ಕೈಯಿಂದ ಆಗಿದ್ದು."

ಮೇಲ್ವಿಚಾರಕರು ಆ ಕೈಯನ್ನು ನೋಡಿದರು. ಸರ್ಕಾರಿ ಕೆಲಸದಲ್ಲಿ ಅವರು ಬಹಳ ನಾಚಿಕೆಗೇಡಿಗಳನ್ನು ಕಂಡಿದ್ದರಂತೆ, ಇಂಥವರನ್ನು ಕಂಡಿರಲಿಲ್ಲವಂತೆ. ಅವರು ಹಾಗೇಕೆ ಬಾಯಿ ಬಿಟ್ಟುಕೊಂಡು ಕೂತರು ಅಂತ ಪಕ್ಕದಲ್ಲಿದ್ದ ನನಗೂ ಆಗ ಹೊಳೆಯಲಿಲ್ಲ. ಕೊನೆಗೆ ಜಗಳಕ್ಕೆ ಹೆದರಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ನೋಡಿ, ಎಲ್ಲರೂ ಸೇರೋ ರಜಾದಿನ ಕೆಂಪು ಬಟ್ಟೆ ಪಾತಿ ಹತ್ರ ಹೋಗ್ತೀವಿ. ಆ ಮನೆಯೋರು ಯಾರಾದ್ರೂ ಅದರಲ್ಲಿ ಕೆಲಸ ಮಾಡ್ತಾ ಇದ್ರೆ ಬಿಟ್ಟುಬಿಡ್ತೀವಿ. ಇಲ್ದಿದ್ರೆ ಕಾದಿರೋರಿಗೆ ಕೊಡ್ತೀವಿ. ಆಮೇಲೆ ಬೇಕು ಅಂದ್ರೂ ಸಿಗಲ್ಲ. ನಿಮಗೇ ಹೇಳ್ತಿರೋದು."

"ಸರಿಯಾಗಿ ಹೇಳಿದ್ರಿ! ಕರುಣೆ ತೋರಿಸಲೇಬೇಡಿ" ಅಂದರು ಟೈಮ್‌ಕೀಪರ್.

ಆಮೇಲೆ ಬಂದದ್ದು ಕಳ್ಳತನದ ದೂರು. ಒಂಬತ್ತನೇ ಪಾತಿಯ ಬದನೆಕಾಯಿ, ಟೊಮೇಟೊ ದಿನಾ ಬೆಳಗಾಗುವಷ್ಟರಲ್ಲಿ ಮಾಯ ಅಂತ ನರ್ಸಮ್ಮ ಕೊಟ್ಟ ದೂರು. ಅದನ್ನು ಕೇಳಿ ಟೈಮ್‌ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂಬತ್ತನೇದರಲ್ಲಿ ಕದಿಯೋಕೆ ಏನ್ರೀ ಇದೆ? ಮುಳ್ಳಾ? ಬೆಳೆಯೋಕೆ ಯೋಗ್ಯತೆ ಇಲ್ಲ, ಕಳ್ಳರು ಕದ್ರು ಅಂತ ನಾಟಕ!" ನಕ್ಕ ಮೇಲೆ ಅವರಿಗೆ ಯೋಚನೆ ಹತ್ತಿತು. ಕಳ್ಳ ನಿಜವಾಗಿಯೂ ಇದ್ದು, ಪಕ್ಕಕ್ಕೆ ಅಂದರೆ ತಮ್ಮ ಪಾತಿಗೆ ಕಾಲಿಟ್ಟರೆ? ಆ ಕ್ಷಣದಿಂದ ಬೆಳಗಿನ ಕಾವಲು ತಾವೇ ವಹಿಸಿಕೊಂಡರು. ಯಾರೂ ಬೇಡ ಅನ್ನಲಿಲ್ಲ, ವಿಶಲ್ ಇದ್ದದ್ದು ಅವರೊಬ್ಬರ ಹತ್ತಿರ.

ಪಾತಿಯ ಸುತ್ತ ಶತಪಥ ಹಾಕುತ್ತಾ, ಹಾಲಿನವನು ಹಾದುಹೋದರೂ ವಿಶಲ್ ಊದುತ್ತಾ, ನಡುನಡುವೆ ಬಗ್ಗಿ ಬದನೆಕಾಯಿ ಕಿತ್ತು ಚೀಲಕ್ಕೆ ಇಳಿಸುತ್ತಾ ಅವರು ಕಾವಲು ಕಾದರು. ಬೇಲಿಯೇ ಎದ್ದು ಹೊಲ ಮೇಯುವುದು ಅಂತ ಗಾದೆ ಕೇಳಿದ್ದೆ. ಬೇಲಿ ಮೇಯುತ್ತಲೇ ವಿಶಲ್ ಊದುವುದನ್ನು ಅಲ್ಲೇ ನೋಡಿದ್ದು. "ನಾನಿರೋವಾಗ ಕಳ್ಳನಿಗೆ ಬರೋ ಧೈರ್ಯ ಎಲ್ಲಿದೆ!" ಅನ್ನುವರು ಬೆಳಿಗ್ಗೆ. "ಕಾವಲು ಹಾಕಿದ ಮೇಲೆ ಕಳ್ಳತನ ಇನ್ನೂ ಜಾಸ್ತಿ ಆಗಿದೆ" ಅನ್ನುವರಂತೆ ನರ್ಸಮ್ಮ ಸಂಜೆ. ಮೇಲ್ವಿಚಾರಕರು ಇಬ್ಬರಿಗೂ ತಲೆಯಾಡಿಸಿ ಟೀ ಕುಡಿಯುವರು. ಆದರೆ ಒಂದು ಸಂಜೆ ಅವರು ಬಾಯಿ ತಪ್ಪಿ ನರ್ಸಮ್ಮನಿಗೆ ಹೇಳಿಬಿಟ್ಟರು, ಒಬ್ಬ ಟೈಮ್‌ಕೀಪರ್ ನಿಮ್ಮ ಪಾತಿ ಕಿತ್ಕೊಳ್ಳಿ ಅಂತ ದಿನಾ ಗಂಟುಬಿದ್ದಿದಾನೆ ಅಂತ. ನರ್ಸಮ್ಮ ಆ ರಜಾದಿನಕ್ಕೆ ತಮ್ಮ ಪಾಳಿ ಬದಲಾಯಿಸಿಕೊಂಡರು.

ಮೇಲಿನ ಮನೆಯಲ್ಲಿ ಅತ್ತೆಯಮ್ಮ ಟ್ರಂಕಿಗೆ ಬಟ್ಟೆ ಹಾಕಿಕೊಂಡರು. "ಕಾಯಿ ಆಗಿದ್ದಾಯ್ತು, ಹಣ್ಣಾಗಿದ್ದಾಯ್ತು. ಅಳಿಯಂದಿರಿಗೆ ನನ್ನ ಕರ್ಕೊಂಡು ಹೋಗೋ ಮನಸ್ಸಿಲ್ಲ. ನಾಳಿದ್ದಿನ ಬಸ್ಸಿಗೆ ಹೊರಡ್ತೀನಿ" ಅಂದರಂತೆ. ಆ ಬಸ್ಸಿಗೆ ವಿಶಲ್ ಊದಬೇಕಾದವರು ಟೈಮ್‌ಕೀಪರೇ. ಅದನ್ನು ನೆನೆದಾಗ ಅವರಿಗೂ ಒಳಗೊಳಗೇ ಚುರುಕ್ ಅಂದಿರಬೇಕು. "ಹೊರಡೋ ಮೊದಲು ನಾಳೆ ತೋಟಕ್ಕೆ ಬನ್ನಿ ಅತ್ತೆ. ನಿಮ್ಮ ಪಾತಿ ಎಷ್ಟು ಚೆನ್ನಾಗಿದೆ ನೋಡಿ. ನೋಡಿದ ಮೇಲೂ ಹೋಗ್ತೀನಿ ಅಂದ್ರೆ ಹೋಗಿ" ಅಂದರು. ಅತ್ತೆಯಮ್ಮ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು, ಸೆರಗಿನಲ್ಲಿ ಸೌಟು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಆ ದಿನ ತೋಟದಲ್ಲಿ ಜನವೋ ಜನ. ಕಾದಿರುವವರ ಸಾಲಿನಲ್ಲಿ ಮೊದಲನೆಯವರು ಒಬ್ಬ ಬೇಕರಿಯವರು. ಹೊಸ ಗುದ್ದಲಿ ಹೆಗಲ ಮೇಲೆ, ಅದಕ್ಕೆ ಅಂಟಿಸಿದ ಬೆಲೆಚೀಟಿ ಇನ್ನೂ ಹೋಗಿರಲಿಲ್ಲ. ನರ್ಸಮ್ಮ ಸೊಂಟಕ್ಕೆ ಕೈಕೊಟ್ಟು ಮುಂದೆ ನಿಂತಿದ್ದರು. ಟೈಮ್‌ಕೀಪರ್ ಬೆಳಿಗ್ಗೆಯೇ ಕಿತ್ತ ಬದನೆಕಾಯಿಗಳ ಚೀಲವನ್ನು ಎಲ್ಲರಿಗೂ ಕಾಣುವ ಹಾಗೆ ಹೆಗಲಿಗೆ ಹಾಕಿಕೊಂಡು, ಎತ್ತರದ ಕಲ್ಲೊಂದನ್ನು ಹತ್ತಿದರು.

"ಬಂಧುಗಳೇ! ಪಾತಿ ಪಾಳು ಕೆಡವೋನು ಮನುಷ್ಯನೇ ಅಲ್ಲ. ಅವನಿಗೆ ಮಣ್ಣಿನ ಮೇಲೆ ಪ್ರೀತಿ ಇಲ್ಲ, ಮನೆಯವರ ಮೇಲೂ ಪ್ರೀತಿ ಇಲ್ಲ. ಪಾತಿಗೋಸ್ಕರ ಮನೇಲಿ ಯಾವುದೋ ಜೀವ ಕಾಯ್ತಾ ಇರುತ್ತೆ, ಅದರ ಯೋಚನೆನೂ ಅವನಿಗಿಲ್ಲ. ಅಂಥೋನ ಪಾತಿ ಈ ಕ್ಷಣ ಕಿತ್ಕೊಳ್ಳಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದವರು ಬೇಕರಿಯವರು. ಮೇಲ್ವಿಚಾರಕರು ಮಾತ್ರ, ತನ್ನ ಬಗ್ಗೆ ತಾನೇ ಇಷ್ಟು ಕಠಿಣವಾಗಿ ಮಾತಾಡುವ ಮನುಷ್ಯನನ್ನು ಈಗ ಗೌರವದಿಂದ ನೋಡುತ್ತಿದ್ದರು. "ಹಾಗಾದ್ರೆ ಎಂಟನೇ ಪಾತಿಗೆ ಹೋಗೋಣ" ಅಂದರು.

"ಎಂಟಲ್ಲ ಸಾರ್, ಒಂಬತ್ತು. ಬನ್ನಿ, ಎಣಿಸಿಯೇ ಬಿಡೋಣ."

ಮೇಲ್ವಿಚಾರಕರು ಮುಂಬಾಗಿಲಿಗೆ ಹೋದರು. ಟೈಮ್‌ಕೀಪರ್ ಅಭ್ಯಾಸದಂತೆ ಹಿಂಬಾಗಿಲಿಗೆ ಓಡಿದರು. ಇಬ್ಬರೂ ಎರಡು ಕಡೆಯಿಂದ ಜೋರಾಗಿ ಎಣಿಸುತ್ತಾ ಬಂದರು. "ಆರು... ಏಳು... ಎಂಟು!" ಅಂತ ಒಟ್ಟಿಗೇ ನಿಂತಾಗ ಇಬ್ಬರ ಭುಜ ಒಂದಕ್ಕೊಂದು ತಾಗುತ್ತಿತ್ತು. ಮೇಲ್ವಿಚಾರಕರು ಕೆಂಪು ಬಟ್ಟೆಯ ಮುಂದೆ, ಟೈಮ್‌ಕೀಪರ್ ಬದನೆಯ ಮುಂದೆ.

"ಸಾರ್, ನೀವು ಒಂಬತ್ತರಲ್ಲಿ ನಿಂತಿದೀರ."

"ಇಲ್ಲ ಕಣ್ರೀ, ಒಂಬತ್ತರಲ್ಲಿ ನಿಂತಿರೋದು ನೀವು."

"ಇನ್ನೊಂದು ಸಲ."

ಇನ್ನೊಂದು ಸಲವೂ ಹಾಗೇ ಆಯಿತು. ಮೂರನೆಯ ಸಲ, ಯಾರೂ ಮೋಸ ಮಾಡಬಾರದು ಅಂತ, ಬಾಗಿಲು ಬದಲಾಯಿಸಿಕೊಂಡರು. ಟೈಮ್‌ಕೀಪರ್ ಜೀವನದಲ್ಲಿ ಮೊದಲ ಸಲ ಮುಂಬಾಗಿಲಿಂದ ಎಣಿಸುತ್ತಾ ಬಂದರು. "ಏಳು" ಅಂದಾಗ ದನಿ ಗಟ್ಟಿಯಾಗಿತ್ತು. "ಎಂಟು" ಅಂದಾಗ ಅವರ ಮೂಗಿಗೆ ಕೆಂಪು ಬಟ್ಟೆ ತಾಗಿತು. ಅವರು ತಮ್ಮ ಕಾಲುಗಳನ್ನು ನೋಡಿಕೊಂಡರು, ಮೋಸ ಮಾಡಿದ್ದು ಅವೇ ಅನ್ನುವ ಹಾಗೆ.

"ಎಣಿಸೋದು ಮುಂಬಾಗಿಲಿಂದ ಕಣ್ರೀ" ಅಂದರು ಮೇಲ್ವಿಚಾರಕರು, ಮೆಲ್ಲಗೆ.

ಆಮೇಲೆ ನರ್ಸಮ್ಮನ ದನಿ ಬಂತು. "ಹಾಗಾದ್ರೆ ದಿನಾ ಬೆಳಿಗ್ಗೆ ನನ್ನ ಬದನೆಕಾಯಿ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಟೈಮ್‌ಕೀಪರ್ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ್ದೇ ಇರಲಿಲ್ಲ, ಚೀಲ ಅಲ್ಲೇ ತೂಗುತ್ತಿತ್ತು. ಅದರ ಬಾಯಿಂದ ನಾಲ್ಕು ಬದನೆಕಾಯಿ ನರ್ಸಮ್ಮನ ಕಡೆಗೆ ಇಣುಕುತ್ತಿದ್ದವು.

"ಮೇಡಮ್, ಕೊತ್ತಂಬರಿ ನಾನೇ ಹಾಕಿದ್ದು..." ಅಂತ ತೊದಲಿದರು.

"ಅದು ನಿಮ್ದಾ? ಕಿತ್ತು ಕಿತ್ತು ನನ್ನ ಸೊಂಟ ಹೋಯ್ತಲ್ರೀ! ನನ್ನ ಬದನೆ ತಿಂದು, ನನ್ನ ಪಾತೀನೇ ಕಿತ್ಕೊಳ್ಳಿ ಅಂತ ದೂರು ಬೇರೆ!"

ಪೋಸ್ಟ್‌ಮ್ಯಾನ್ ತನ್ನ ಸತ್ತ ಬೆಂಡೆ ನೆನಪಾಗಿ ಹಲ್ಲು ಕಡಿದ. ಶಾಲೆಯ ಮೇಡಮ್ ಅಂಗೈ ಒರೆಸಿಕೊಂಡರು. ಬೇಕರಿಯವರು ಗುದ್ದಲಿ ಇಳಿಸಿ ಮುಂದೆ ಬಂದರು. "ಸಾರ್, ಇವರೇ ಈಗ ತಾನೇ ಈ ಕ್ಷಣ ಕಿತ್ಕೊಳ್ಳಿ ಅಂದಿದಾರೆ. ನಾನು ಶುರು ಮಾಡ್ಲಾ?"

"ರೀ" ಅಂದರು ಟೈಮ್‌ಕೀಪರ್ ಹೆಂಡತಿ. "ಅದು ಅಮ್ಮನ ಪಾತಿ ಕಣ್ರೀ."

ಟೈಮ್‌ಕೀಪರ್ ನಿಂತರು. ಅವರು ಹಾಗೆ ನಿಂತದ್ದನ್ನು ನಾನು ನೋಡಿರಲೇ ಇಲ್ಲ. ಕಾಲು ಆಡಲಿಲ್ಲ, ಕೈ ಆಡಲಿಲ್ಲ, "ಆಯ್ತು ಆಯ್ತು" ಬಾಯಿಗೆ ಬರಲಿಲ್ಲ. ಕೊರಳಲ್ಲಿದ್ದ ವಿಶಲ್ ಮಾತ್ರ ತೂಗುತ್ತಿತ್ತು. ನನಗೆ ನಗು ಬಂದಿತ್ತು, ಅದು ಅರ್ಧದಲ್ಲೇ ನಿಂತಿತು. ನಾಳೆ ಬಸ್ಸು ಹೊರಡುತ್ತದೆ, ಕಿಟಕಿಯ ಪಕ್ಕ ಅತ್ತೆಯಮ್ಮ ಕೂತಿರುತ್ತಾರೆ, ಈ ಮನುಷ್ಯ ವಿಶಲ್ ಊದಬೇಕು.

ಬೇಕರಿಯವರು ಗುದ್ದಲಿ ಎತ್ತಿದರು. ಅಷ್ಟರಲ್ಲಿ ಬೇರುಸಮೇತ ಒಂದು ಹುಲ್ಲಿನ ಗಡ್ಡೆ ಹಾರಿಬಂದು ಅವರ ಹೊಸ ಶೂ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ಒಂದು ಮುಳ್ಳುಗಿಡ.

"ಯಾರ್ರೀ ಅದು ಒಳಗೆ?" ಅಂದರು ಮೇಲ್ವಿಚಾರಕರು.

ನಾವೆಲ್ಲ ಬಗ್ಗಿ ನೋಡಿದೆವು. ಸೊಂಟದುದ್ದದ ಹುಲ್ಲಿನ ನಡುವೆ ಅತ್ತೆಯಮ್ಮ ಕೂತಿದ್ದರು. ಭಾಷಣ ಶುರುವಾಗುವ ಮೊದಲೇ ಬಂದು ಕೂತಿದ್ದರಂತೆ. ಹಸಿರಾಗಿದ್ದ ಪಾತಿಯ ಕಡೆ ಅವರು ತಿರುಗಿಯೂ ನೋಡಿರಲಿಲ್ಲ. ಹಾಳು ಬಿದ್ದ ನೆಲ ಕಂಡು ಕೈ ತಡೆಯಲಿಲ್ಲ, ಅಷ್ಟೇ. ಅವರ ಹಿಂದೆ, ಗೋಡೆಯ ಕಡೆಯ ಅರ್ಧ ಪಾತಿ ಬೋಳಾಗಿತ್ತು. ಸೌಟು ಬಗ್ಗಿಹೋಗಿತ್ತು. ಮೊಣಕೈವರೆಗೆ ಮಣ್ಣು. ಎಣಿಕೆ, ಜಗಳ, ಚಪ್ಪಾಳೆ ಯಾವುದೂ ಅವರಿಗೆ ಬೇಕಿರಲಿಲ್ಲ.

"ಇವರು ಯಾರು?"

"ನಮ್ಮತ್ತೆ" ಅಂದರು ಟೈಮ್‌ಕೀಪರ್. ಅಷ್ಟು ಸಣ್ಣ ದನಿ ಅವರಲ್ಲಿ ಇದೆ ಅಂತ ನಮಗೆ ಗೊತ್ತಿರಲಿಲ್ಲ.

ಮೇಲ್ವಿಚಾರಕರ ಮುಖ ಅರಳಿತು. ಜಗಳ ತಪ್ಪಿದ್ದಕ್ಕೆ ಅವರಷ್ಟು ಸಂತೋಷಪಡುವವರು ಇನ್ನೊಬ್ಬರಿಲ್ಲ. "ಮನೆಯೋರು ಪಾತಿಯಲ್ಲಿ ಕೆಲಸ ಮಾಡ್ತಾ ಇದಾರೆ. ಬಿಟ್ಟುಬಿಡಬೇಕು. ನಿಯಮ!" ಅಂತ ಕೆಂಪು ಬಟ್ಟೆಯ ಕೋಲು ಕಿತ್ತರು.

"ಈಗ ತಾನೇ ಶುರು ಮಾಡಿದಾರೆ ಸಾರ್!" ಅಂದರು ಬೇಕರಿಯವರು.

"ಯಾವಾಗ ಶುರು ಮಾಡಿರಬೇಕು ಅಂತ ನಿಯಮದಲ್ಲಿ ಇಲ್ಲ" ಅಂದರು ಮೇಲ್ವಿಚಾರಕರು. ಬೇಕರಿಯವರು ಮುಖ ಗಂಟಿಕ್ಕಿಕೊಂಡು ಗುದ್ದಲಿ ಹೆಗಲಿಗೇರಿಸಿದರು. ಆದರೆ ಬಗ್ಗಿದ ಸೌಟು ಅವರ ಕಣ್ಣಿಗೂ ಬಿತ್ತು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, "ಸಂಜೆ ವಾಪಸ್ ಕೊಡಿ ಅಮ್ಮ" ಅಂತ ಗುದ್ದಲಿಯನ್ನು ಅತ್ತೆಯಮ್ಮನ ಪಕ್ಕ ಇಟ್ಟುಹೋದರು.

ನರ್ಸಮ್ಮ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಇನ್ನು ಮೇಲೆ ಟೈಮ್‌ಕೀಪರ್ ದಿನಾ ಬೆಳಿಗ್ಗೆ ಎರಡೂ ಪಾತಿಗೆ ನೀರು ಹೊರಬೇಕು, ಯಾವ ಗಿಡವನ್ನೂ ಬೆರಳಿಂದಲೂ ಮುಟ್ಟಬಾರದು ಅಂತ ತೀರ್ಪು ಕೊಟ್ಟರು. ಮೊದಲು ಹೌದು ಅಂದವನು ಪೋಸ್ಟ್‌ಮ್ಯಾನ್.

ಟೈಮ್‌ಕೀಪರ್ ಚೀಲವನ್ನು ನರ್ಸಮ್ಮನ ಮುಂದಿಟ್ಟು, ಎರಡು ಬಕೆಟ್ ತೆಗೆದುಕೊಂಡು ನಲ್ಲಿಗೆ ಹೋದರು. ತುಂಬಿಕೊಂಡು ಮುಂಬಾಗಿಲಿಗೆ ಸುತ್ತಿಬಂದು, ಅಲ್ಲಿಂದ ಎಣಿಸತೊಡಗಿದರು. ಒಂದೊಂದು ಪಾತಿಯ ಮುಂದೆಯೂ ನಿಂತು, ಅಲ್ಲಿದ್ದವರ ಮುಖ ನೋಡಿ, "ಇದು ಮೂರು ತಾನೇ?" "ಇದು ನಾಲ್ಕು ತಾನೇ?" ಅಂತ ಕೇಳಿ ಕೇಳಿ ಮುಂದೆ ಬಂದರು. ಬಸ್ ನಿಲ್ದಾಣದಲ್ಲಿ ಅವರು ಇಷ್ಟು ನಿಧಾನ ಮಾಡಿದ್ದರೆ ಊರೇ ನಿಂತುಹೋಗುತ್ತಿತ್ತು. ಎಂಟಕ್ಕೆ ಬಂದು ಬಕೆಟ್ ಇಳಿಸಿದರು.

"ಅತ್ತೆ" ಅಂದರು. "ನಿಮ್ಮ ಪಾತಿ ಹಾಳು ಮಾಡಿಬಿಟ್ಟೆ. ನಾಳೆ ಬಸ್ಸಿಗೆ..."

ಅತ್ತೆಯಮ್ಮ ತಲೆ ಎತ್ತಲಿಲ್ಲ. ಹೊಸದಾಗಿ ಅಗೆದ ಕಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಅಳಿಯನ ಕಡೆಗೆ ಹಿಡಿದರು. ಕಪ್ಪು ಮಣ್ಣು, ಹಿಡಿದರೆ ಉದುರುವಷ್ಟು ಮೆತ್ತಗೆ. ಅದರಲ್ಲಿ ಎರಡು ಎರೆಹುಳು ಹೊರಳಾಡುತ್ತಿದ್ದವು.

"ಯಾವ ಬಸ್ಸು? ಇಷ್ಟು ಕೆಲಸ ಬಿದ್ದಿರೋವಾಗ ಯಾರು ಹೋಗ್ತಾರೆ?" ಅಂದರು. "ಅಳಿಯಂದಿರೇ, ನಿಮ್ಮ ಕೈಗುಣ ದೊಡ್ಡದು, ನಾನು ಇಲ್ಲ ಅನ್ನಲ್ಲ. ನೀವು ಮುಟ್ಟದೇ ಬಿಟ್ಟಿದ್ದಕ್ಕೇ ಈ ಮಣ್ಣು ಇಷ್ಟು ಚೆನ್ನಾಗಿ ಉಳಿದಿದೆ. ಎಲ್ಲಿ, ನೀರು ಹಾಕಿ ನೋಡೋಣ. ದೂರದಿಂದ."